ಗುಂಯ್‌ಕಾರ ಮೀಮಾಂಸೆ: ಬೇಸ್ ಗಿಟಾರಿನ ಬೇಡದ ಸದ್ದುಗಳ ಕುರಿತು ಸೊರಟೂರ ಸೀಮೆಯ ಶಾಸ್ತ್ರವಿಚಾರ

ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಸೇವುಣರ ಐದನೆಯ ಭಿಲ್ಲಮನನ್ನು 1190ರ ಸುಮಾರಿಗೆ ಸೋಲಿಸಿದ್ದು ಗದಗ ಜಿಲ್ಲೆಯ ಇದೇ ಸೊರಟೂರಿನಲ್ಲಿ. ಆ ಕಾಳಗದಲ್ಲಿ ಕಹಳೆ ಊದಿರಬಹುದು, ಭೇರಿ ಬಾರಿಸಿರಬಹುದು. ಬೇಸ್ ಗಿಟಾರ್ ನುಡಿಸಿದರೆಂದು ಈವರೆಗೆ ಒಂದು ವೀರಗಲ್ಲೂ ಸಾಕ್ಷಿ ಹೇಳಿಲ್ಲ. ಹಾಗಾಗಿ ಈ ಶಾಸ್ತ್ರದ ಇತಿಹಾಸವನ್ನು, ನಾಡಾಭಿಮಾನಿಗಳಿಗೆ ನೋವಾದರೂ, 1951ರಿಂದಲೇ ಹಿಡಿಯಬೇಕು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಆ ವರ್ಷ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ಬಿಟ್ಟ. ಆತ ಮೂಲತಃ ರೇಡಿಯೋ ರಿಪೇರಿಯವನು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಶಾಸ್ತ್ರಕಾರನಾಗಲು ಬೇಕಾದ ಮೊದಲ ಅರ್ಹತೆ ಇದೇ ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿಲ್ಲ.

ಈ ಸೀಮೆಯಲ್ಲಿ ಬೇಸ್ ಗಿಟಾರಿಗೆ ಆಶ್ರಯ ಕೊಟ್ಟ ರಾಜಮನೆತನವೆಂದರೆ ಜಾತ್ರೆಯ ರಸಮಂಜರಿ. ವೇದಿಕೆಯ ಹಿಂದೆ ಜನರೇಟರು, ಮುಂದೆ ಮಿಣುಕು ದೀಪದ ಸರ, ಒಂದೇ ಬೋರ್ಡಿಗೆ ಕೀಬೋರ್ಡು, ಪೆಡೆಸ್ಟಲ್ ಫ್ಯಾನು, ಯಾರದೋ ಮೊಬೈಲ್ ಚಾರ್ಜರು. ಹಾಡು ಶುರುವಾಗುವ ಮೊದಲೇ ಸ್ಪೀಕರು ‘ಗುಂಯ್’ ಎನ್ನುತ್ತದೆ.

ಪೂರ್ವಪಕ್ಷವು ಹೇಳುವುದು: ವಾದ್ಯವೇ ಸರಿಯಿಲ್ಲ, ಹೊಸದು ಕೊಳ್ಳತಕ್ಕದ್ದು. ಈ ಪಕ್ಷವನ್ನು ಮಂಡಿಸುವವರು ಹೆಚ್ಚಾಗಿ ವಾದ್ಯ ಮಾರುವವರೇ. ಸಿದ್ಧಾಂತವೋ ಖರ್ಚಿಲ್ಲದ್ದು: ಗಿಟಾರಿನ ವಾಲ್ಯೂಮ್ ನಾಬನ್ನು ಸೊನ್ನೆಗೆ ತಿರುಗಿಸಿ ಕಿವಿಗೊಡತಕ್ಕದ್ದು. ಸದ್ದು ಅಡಗಿದರೆ ದೋಷ ನಾಬಿಗಿಂತ ಹಿಂದೆ, ಅಂದರೆ ತಂತಿಯ ಮಿಡಿತ ಹಿಡಿಯುವ ಪಿಕಪ್ಪಿನಲ್ಲೋ ಒಳಗಿನ ವೈರಿನಲ್ಲೋ ಇದೆ. ಅಡಗದಿದ್ದರೆ ಕೇಬಲ್ಲು, ಆಂಪ್ಲಿಫೈಯರು, ಕರೆಂಟು ಈ ಮೂವರಲ್ಲಿ ಒಬ್ಬರು ಅಪರಾಧಿ. ಇಷ್ಟನ್ನು ಮಾಡದೆ ಬೇಸನ್ನು ಬಿಚ್ಚಿ ಹರವಿದವರ ಸಂಖ್ಯೆ ದೊಡ್ಡದು. ಮರಳಿ ಜೋಡಿಸಿದವರದು ಅಷ್ಟಲ್ಲ.

ಎರಡನೆಯ ಪರೀಕ್ಷೆಯು ಗುರುಶಿಷ್ಯ ಸಂವಾದರೂಪದಲ್ಲಿದೆ. ಗುರು ಮೈಕ್‌ಸೆಟ್ಟಿನವನು, ಶಿಷ್ಯ ಬೇಸಿನವನು.

“ತಂತಿ ಮ್ಯಾಗ ಕೈ ಇಡಪಾ.”

“ಇಟ್ಟೇನ್ರಿ ಅಣ್ಣಾರ.”

“ನಿಂತೈತೇನು?”

“ನಿಂತೈತ್ರಿ.”

“ಕೈ ತಗಿ.”

“ಮತ್ತ ಗುಂಯ್ ಅಂತೈತ್ರಿ.”

“ಹಂಗಾರ ಹಾಡು ಮುಗಿಯೂತನಾ ಕೈ ತಗೀಬ್ಯಾಡ.”

ಇದರ ಮೇಲಿನ ಭಾಷ್ಯ: ಸುತ್ತಲಿನ ವಿದ್ಯುತ್ತಿನ ಗದ್ದಲವನ್ನು ಮನುಷ್ಯನ ಮೈ ಆಂಟೆನಾದಂತೆ ಹಿಡಿದು ಪಿಕಪ್ಪಿಗೆ ದಾಟಿಸುತ್ತದೆ. ಬ್ರಿಡ್ಜಿನಿಂದ ಒಂದು ಸಣ್ಣ ವೈರು ಒಳಗೆ ಹೋಗಿ ತಂತಿಗಳನ್ನೆಲ್ಲ ಗ್ರೌಂಡಿಗೆ ಸೇರಿಸಿರುತ್ತದೆ. ಮುಟ್ಟಿದಾಗ ಮೈಯೂ ಅಲ್ಲಿಗೇ ಸೇರಿ ಸದ್ದು ಅಡಗುತ್ತದೆ. ಕೈ ಇಟ್ಟರೂ ಫರಕಾಗದಿದ್ದರೆ ಆ ವೈರು ಕಿತ್ತಿರುವ ಸಂಭವ ಹೆಚ್ಚು. ಒಂದೇ ಸುರುಳಿಯ ಪಿಕಪ್ಪಿಗೆ ಗುಂಯ್‌ಗುಡುವುದು ಹುಟ್ಟುಗುಣ. ಫೆಂಡರ್ 1957ರಲ್ಲಿ ಪ್ರಿಸಿಷನ್ ಬೇಸಿನ ಸುರುಳಿಯನ್ನು ಎರಡಾಗಿ ಸೀಳಿ ಒಂದರ ಗದ್ದಲ ಇನ್ನೊಂದರದನ್ನು ನುಂಗುವಂತೆ ಮಾಡಿದ. 1960ರಲ್ಲಿ ಬಂದ ಜಾಝ್ ಬೇಸಿನಲ್ಲಿ ಎರಡೂ ಪಿಕಪ್ಪುಗಳ ವಾಲ್ಯೂಮ್ ಸಮವಾಗಿದ್ದರೆ ಮಾತ್ರ ಈ ಪರಸ್ಪರ ಭಕ್ಷಣೆ ನಡೆಯುತ್ತದೆ. ಒಂದನ್ನು ತುಸು ಇಳಿಸಿದರೂ ಗುಂಯ್‌ಕಾರ ಮರಳುತ್ತದೆ.

ಈ ಗುಂಯ್‌ಕಾರದ ಶ್ರುತಿ ಯಾವುದು? ಇಂಥ ಮುಖ್ಯ ಪ್ರಶ್ನೆಯನ್ನು ರಿಪೇರಿ ಪುಸ್ತಕಗಳು ಕೇಳುವುದೇ ಇಲ್ಲ. ಭಾರತದ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸಿ 50 ಕಂಪನ ಪೂರೈಸುತ್ತದೆ. ಬೇಸಿನ ದಪ್ಪ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಹುಟ್ಟುವುದು 49 ಕಂಪನ, ಹಾರ್ಮೋನಿಯಮ್ ಭಾಷೆಯಲ್ಲಿ ಬಿಳಿ 5. ಹಾಗಾಗಿ ನಮ್ಮ ವಿದ್ಯುಜ್ಜಾಲವು ಹಗಲಿರುಳೂ ಬಿಳಿ 5ರಲ್ಲಿ, ಕೊಂಚ ಏರುಶ್ರುತಿಯಲ್ಲಿ ಹಾಡುತ್ತಿದೆ ಎಂದು ಸಿದ್ಧವಾಯಿತು. ವಾದಕ ಅದೇ ಸ್ವರದಲ್ಲಿ ನಿಂತರೆ 49ಕ್ಕೂ 50ಕ್ಕೂ ತಿಕ್ಕಾಟವಾಗಿ ಸೆಕೆಂಡಿಗೊಮ್ಮೆ ‘ವಾಂವ್… ವಾಂವ್’ ಎಂದು ಸದ್ದು ಏರಿಳಿಯುತ್ತದೆ. ಒಂದು ಸಪ್ತಕ ಮೇಲೆ 98ಕ್ಕೂ 100ಕ್ಕೂ ಜಗಳವಾದ್ದರಿಂದ ಸೆಕೆಂಡಿಗೆ ಎರಡು ಸಲ. ಅಮೆರಿಕದ ಕರೆಂಟಿನದು 60 ಕಂಪನ; ಅದು ಕರಿ 5ಕ್ಕೂ ಬಿಳಿ 7ಕ್ಕೂ ಸರಿಯಾಗಿ ನಟ್ಟನಡುವೆ ಸಿಕ್ಕಿಕೊಂಡು ಯಾವ ಸ್ವರಕ್ಕೂ ಸಲ್ಲದೆ ಉಳಿದಿದೆ. ಈ ಒಂದು ವಿಷಯದಲ್ಲಿ ಸೊರಟೂರು ನ್ಯೂಯಾರ್ಕಿಗಿಂತ ಮುಂದಿದೆ. ಜನರೇಟರಿನ ಮಾತು ಬೇರೆ: ಫ್ಲಡ್‌ಲೈಟು ಹಾಕಿದೊಡನೆ ಅದರ ವೇಗ ಕುಗ್ಗಿ ಶ್ರುತಿಯೂ ಇಳಿಯುವುದುಂಟು.

ಗದ್ದಲ ತಡೆಯಲಾರದೆ ಕೆಲವರು ತ್ರೀಪಿನ್ ಪ್ಲಗ್ಗಿನ ದಪ್ಪ ಪಿನ್ನನ್ನೇ ಮುರಿದು ಅರ್ಥಿಂಗ್ ತಪ್ಪಿಸುತ್ತಾರೆ. ಬೇರೆ ಬೇರೆ ಸಾಕೆಟ್ಟಿನಿಂದ ಎರಡು ಅರ್ಥಿಂಗ್ ಬಂದು ಸುತ್ತು ಬಿದ್ದಿದ್ದರೆ ಇದರಿಂದ ಸದ್ದು ನಿಲ್ಲುವುದೂ ನಿಜವೇ. ಆದರೆ ಆಂಪ್ಲಿಫೈಯರಿನೊಳಗೆ ಕರೆಂಟು ಸೋರಿದ ದಿನ ಅದು ಹೋಗಲು ಬೇರೆ ದಾರಿಯಿಲ್ಲದೆ ತಂತಿಗಳಿಗೇ ಬರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿದರೆ ಪ್ರಾಣಕ್ಕೇ ಸಂಚಕಾರ. ಇಲ್ಲಿ ಶಾಸ್ತ್ರವು ತಮಾಷೆಯನ್ನು ಬದಿಗಿಟ್ಟು ನಿಷೇಧಿಸುತ್ತದೆ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಅರ್ಥ್ ಇರುವ ಬೋರ್ಡಿಗೆ ಹಾಕುವುದೇ ಸರಿಯಾದ ದಾರಿ. ಕರಕರ ಸದ್ದಿಗೆ ಇಷ್ಟು ಚರ್ಚೆ ಬೇಡ: ನಾಬು ತಿರುಗಿಸಿದಾಗ ಬಂದರೆ ಧೂಳು, ಕೇಬಲ್ಲು ಅಲ್ಲಾಡಿಸಿದಾಗ ಬಂದರೆ ಜ್ಯಾಕು ಇಲ್ಲವೇ ಬೆಸುಗೆ.

ಇನ್ನು ‘ಝರ್’ ಪ್ರಕರಣ. ತಂತಿ ಕಂಪಿಸುವಾಗ ಫ್ರೆಟ್ಟಿಗೆ ತಾಗಿ ಬರುವ ಈ ಸದ್ದನ್ನು ಬೇಸಿನವರು ದೋಷವೆಂದು ಹಳಿಯುತ್ತಾರೆ. ಸೊರಟೂರಿನಿಂದ ಗದಗಿಗೆ ಹೋಗಿ, ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದೇ ದೂರನ್ನು ಹೇಳಿದರೆ ತಂಬೂರಿಯ ಮುಂದೆ ಕೂಡಿಸಿಯಾರು. ತಂಬೂರಿಯ ಅಗಲ ಕುದುರೆಯನ್ನು, ಅಂದರೆ ಬ್ರಿಡ್ಜನ್ನು, ಅರೆದು ಅರೆದು ಇಳಿಜಾರು ಮಾಡುವುದು, ತಂತಿಯಡಿ ಹತ್ತಿಯ ಎಳೆ ಸರಿಸಿ ಕೂರಿಸುವುದು, ಎಲ್ಲವೂ ತಂತಿ ಕುದುರೆಗೆ ತಾಗಿಯೂ ತಾಗದಂತಾಗಿ ಝೇಂಕರಿಸಲೆಂದೇ. ಮಿರಜಿನ ಕುಶಲಕರ್ಮಿಗಳು ಜವಾರಿ ಎಂಬ ಆ ಝೇಂಕಾರ ಹೊರಡಿಸಲು ವರ್ಷಗಟ್ಟಲೆ ಕೈ ಪಳಗಿಸುತ್ತಾರೆ. ಗಿಟಾರ್ ರಿಪೇರಿಯವನು ಅದನ್ನೇ ಅಳಿಸಲು ದುಡ್ಡು ಇಸಿದುಕೊಳ್ಳುತ್ತಾನೆ. ಇಬ್ಬರಿಗೂ ಹೊಟ್ಟೆ ತುಂಬುತ್ತಿರುವುದರಿಂದ ಯಾರನ್ನೂ ಖಂಡಿಸುವಂತಿಲ್ಲ.

ಆದರೂ ಅಳಿಸಲೇಬೇಕೆಂಬ ಹಟವಿದ್ದರೆ ಝರ್ ಎಲ್ಲಿ ಏಳುತ್ತದೆಂದು ನೋಡಬೇಕು. ನಾಲ್ಕು ತಂತಿಗಳ ಎಳೆತ ಒಟ್ಟು 70–80 ಕಿಲೋ. ಒಂದೂವರೆ ಚೀಲ ಉಳ್ಳಾಗಡ್ಡಿಯನ್ನು ಆ ಸಪೂರ ಕತ್ತಿಗೆ ಕಟ್ಟಿ ತೂಗಿಬಿಟ್ಟಂತೆ. ಅದಕ್ಕೆ ಎದುರೆಳೆತ ಕೊಡಲು ಕತ್ತಿನೊಳಗೆ ಕಬ್ಬಿಣದ ಸರಳು ಹೂತಿರುತ್ತದೆ. ಮೊದಲ ಕೆಲವು ಫ್ರೆಟ್ಟುಗಳಲ್ಲೇ ಸದ್ದಾದರೆ ಕತ್ತು ಅತಿಯಾಗಿ ನೆಟ್ಟಗಾಗಿದೆ ಎಂದು ತಿಳಿದು ಸರಳನ್ನು ಕಾಲು ಸುತ್ತು ಸಡಿಲಿಸಿ, ಮರ ಹೊಂದಿಕೊಳ್ಳುವವರೆಗೆ ಕಾಯಬೇಕು. ಮೇಲಿನ ಫ್ರೆಟ್ಟುಗಳಲ್ಲಾದರೆ ಬ್ರಿಡ್ಜಿನಲ್ಲಿ ತಂತಿ ಎತ್ತರಿಸಿದರೆ ಸಾಕು. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸುವ ಉತ್ಸಾಹಿಗಳಿಗೆ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ. ಸರಳು ತುಂಡಾದ ಮೇಲೆ ಹೇಳಿ ಪ್ರಯೋಜನವೂ ಇಲ್ಲ.

ಕೊನೆಯ ವರ್ಗ ಒಂದು ತಂತಿ ಮೀಟಿದರೆ ಪಕ್ಕದ್ದು ತಾನಾಗಿ ಮಿಡಿಯುವುದು. ಮೀಟದ ತಂತಿಗಳ ಮೇಲೆ ಬಲಗೈ ಹೆಬ್ಬೆರಳನ್ನು ಒರಗಿಸಿಟ್ಟುಕೊಳ್ಳುವುದು ಇದಕ್ಕೆ ಅಭ್ಯಾಸಸಾಧ್ಯ ಪರಿಹಾರ. ಅಭ್ಯಾಸಕ್ಕೆ ಪುರುಸೊತ್ತಿಲ್ಲದವರಿಗೆ ಫೋಮ್ ಇದೆ. ಹಳೆಯ ಫೆಂಡರ್ ಬೇಸುಗಳಲ್ಲಿ ಬ್ರಿಡ್ಜಿನ ಲೋಹದ ಮುಚ್ಚಳದೊಳಗೇ ಅದನ್ನು ಅಂಟಿಸಿ ಕೊಡುತ್ತಿದ್ದರು. ಬಹಳ ಮಂದಿ ಆ ಮುಚ್ಚಳವನ್ನು ಬಿಚ್ಚಿ ಬಿಸುಟರು, ಈಗ ಮತ್ತೆ ಫೋಮ್ ಹುಡುಕುತ್ತಿದ್ದಾರೆ. ಮೋಟೌನ್ ಧ್ವನಿಮುದ್ರಿಕೆಗಳ ಜೇಮ್ಸ್ ಜೇಮರ್ಸನ್ ಮಾತ್ರ ಅದನ್ನು ಬಿಡದೆ, ಬಲಗೈಯ ಒಂದೇ ಬೆರಳಿನಲ್ಲಿ ನುಡಿಸಿ ಬೇಸಿಗರ ಕುಲಗುರುವಾದ. ಸೊರಟೂರ ಸೀಮೆಯಲ್ಲಿ ಈ ಕೆಲಸಕ್ಕೆ ಕಿರಾಣಿ ಅಂಗಡಿಯ ಪಾತ್ರೆ ತಿಕ್ಕುವ ಸ್ಪಂಜು ಸಾಕು. ಅದರ ಹಸಿರು ಮಗ್ಗಲು ತಂತಿಗೆ ತಾಗಬೇಕೋ ಮರಕ್ಕೆ ತಾಗಬೇಕೋ ಎಂಬ ಬಗ್ಗೆ ಭಾಷ್ಯಕಾರರಲ್ಲಿ ಎರಡು ಪಂಥಗಳಾಗಿದ್ದು, ಹಸಿರನ್ನು ಕತ್ತರಿಸಿಯೇ ಬಿಡಬೇಕೆಂಬ ಮೂರನೆಯ ಪಂಥ ಈಚೆಗೆ ತಲೆಯೆತ್ತಿದೆ.