ಕಾವೇರಿಯ ಶಾರ್ಕ್‌ಗೆ ಒಂದು ಬಿನ್ನವತ್ತಳೆ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಶಾರ್ಕ್ ಇಲ್ಲವಲ್ಲ ಎಂಬ ಕೊರಗು ಇನ್ನು ಯಾರಿಗೂ ಬೇಡ. ಬುಲ್ ಶಾರ್ಕ್ ಎಂಬ ಜಾತಿ ಸಿಹಿನೀರಿಗೂ ಒಗ್ಗಿಕೊಳ್ಳುತ್ತದೆ. ಅಮೆಜಾನ್ ನದಿಯಲ್ಲಿ ಸಮುದ್ರದಿಂದ 3,500 ಕಿ.ಮೀ.ಗೂ ಮೇಲಕ್ಕೆ, ಪೆರು ದೇಶದವರೆಗೂ ಈಜಿ ಹೋಗಿದೆ. ಕಾವೇರಿಯ ಒಟ್ಟು ಉದ್ದವೇ 800 ಕಿ.ಮೀ. ಅದಕ್ಕೆ ಅದೇನು ಮಹಾ! ಆದರೆ ಪೂಂಪುಹಾರ್‌ನಿಂದ ಹೊರಟರೆ ಕಲ್ಲಣೆ ಅಡ್ಡ, 1934ರ ಮೆಟ್ಟೂರು ಅಣೆಕಟ್ಟು ಅಡ್ಡ, ಆಮೇಲೆ ಹೊಗೇನಕಲ್. ಅದನ್ನೂ ಹಾರಿ ಬಂದೀತು ಎನ್ನಿ, ಭರಚುಕ್ಕಿ ಹತ್ತಲಾಗದು. ಮೇಲಾಗಿ ನ್ಯಾಯಾಧಿಕರಣದ 2007ರ ತೀರ್ಪಿನಲ್ಲಿ ಕೆಳಕ್ಕೆ ಹರಿಯಬೇಕಾದ ನೀರಿಗೆ ಲೆಕ್ಕವಿದೆಯೇ ಹೊರತು ಮೇಲಕ್ಕೆ ಬರುವ ಶಾರ್ಕ್‌ಗೆ ಅವಕಾಶ ಕಲ್ಪಿಸಿಲ್ಲ.

ಹೀಗೆ ಖಾಲಿ ಬಿದ್ದಿದ್ದ ಹುದ್ದೆಗೆ ಅರ್ಜಿಯಿಲ್ಲದೆ, ಸಂದರ್ಶನವಿಲ್ಲದೆ ನಮ್ಮವನೇ ಬಂದು ಕೂತಿದ್ದಾನೆ. ಕತ್ತಲಾದ ಮೇಲೆ ಮಡುವಿಗೆ ಮದ್ದು ಎಸೆದು ಮೀನು ಹಿಡಿಯುವ ಆ ಮಹನೀಯನ ಗುಣಗಾನ ಇದುವರೆಗೆ ಯಾರೂ ಮಾಡಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಮೊದಲು ಬುದ್ಧಿಶಕ್ತಿ. ಶಾರ್ಕ್‌ನ ಮೂತಿಯ ಮೇಲೆ ಸಣ್ಣ ಸಣ್ಣ ರಂಧ್ರಗಳಿವೆ. ಮರಳಲ್ಲಿ ಅಡಗಿದ ಮೀನಿನ ಸ್ನಾಯು ಹೊಮ್ಮಿಸುವ ಅತ್ಯಲ್ಪ ವಿದ್ಯುತ್ತನ್ನೂ ಅವು ಹಿಡಿಯುತ್ತವೆ. ಇಷ್ಟಾಗಲು ಕೋಟ್ಯಂತರ ವರ್ಷ ಹಿಡಿಯಿತು. ನಮ್ಮವನು ವಿದ್ಯುತ್ತನ್ನು ಹುಡುಕುತ್ತಾ ಕೂರುವುದಿಲ್ಲ, ತಾನೇ ಕೊಡುತ್ತಾನೆ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ಹೊಳೆ ಇದು. ಹೊಳೆಯಿಂದ ಪಡೆದ ಕರೆಂಟನ್ನು ತಂತಿ ಇಳಿಬಿಟ್ಟು ಹೊಳೆಗೇ ಹಿಂದಿರುಗಿಸುವ ಒಂದು ಶಾಖೆ ಈ ವೃತ್ತಿಯಲ್ಲಿದೆ. ಋಣ ತೀರಿಸುವುದೆಂದರೆ ಹೀಗೆ.

ಇನ್ನು ಅಂಗರಚನಾಶಾಸ್ತ್ರ. ಶಾರ್ಕ್‌ಗೆ ಮೂಳೆಯಿಲ್ಲ, ಬರೀ ಮೃದ್ವಸ್ಥಿ. ಗಾಳಿಚೀಲವೂ ಇಲ್ಲ, ಎಣ್ಣೆ ತುಂಬಿದ ದೊಡ್ಡ ಯಕೃತ್ತೇ ಅದನ್ನು ಮುಳುಗದಂತೆ ನೋಡಿಕೊಳ್ಳುತ್ತದೆ. ಕಾವೇರಿಯ ಮಹಶೀರ್ ಮೀನಿಗೆ ಗಾಳಿಚೀಲವಿದೆ, ಮದ್ದು ಸಿಡಿದಾಗ ಮೊದಲು ಒಡೆಯುವುದು ಅದೇ. ಗಾಳಿಚೀಲವಿರುವ ಮೀನಿಗೇ ಮದ್ದು ಹೆಚ್ಚು ನಾಟುತ್ತದೆಂಬುದನ್ನು ಈತ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಅರಿತ. ಬೆನ್ನಲ್ಲಿ ಗೂನಿರುವ, ಕಿತ್ತಳೆ ರೆಕ್ಕೆಯ ಈ ಮಹಶೀರ್ ಸಾಮಾನ್ಯದ್ದಲ್ಲ. 1946ರಲ್ಲಿ ಕಪಿಲೆಯಲ್ಲಿ ಗಾಳಕ್ಕೆ ಬಿದ್ದದ್ದು 120 ಪೌಂಡ್ ತೂಗಿತ್ತು. ಅದು ಟಾರ್ ರೆಮಾದೇವಿ ಎಂಬ ಜಾತಿಯೇ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ನಾಮಕರಣ, ತಿಥಿ ಎರಡಕ್ಕೂ ಒಂದೇ ಶಾಮಿಯಾನ. ಖರ್ಚು ಎಷ್ಟು ಉಳಿಯಿತು ನೋಡಿ.

ಔದಾರ್ಯದಲ್ಲಂತೂ ಶಾರ್ಕ್ ಇವನ ಹತ್ತಿರ ಸುಳಿಯಲಾರದು. ಅದು ಹಸಿದಾಗ ಬೇಕಾದ್ದನ್ನು ಹಿಡಿದು ತಿನ್ನುವ ಸ್ವಾರ್ಥಿ. ನಮ್ಮವನ ಮದ್ದು ದೊಡ್ಡದು, ಮರಿ, ಮೊಟ್ಟೆ ಎಂದು ಭೇದವೆಣಿಸುವುದಿಲ್ಲ. ತೇಲಿದ್ದು ಅವನಿಗೆ, ಮುಳುಗಿದ್ದು ಕಾವೇರಿಗೆ. ನೀರುನಾಯಿಗೂ ಮೊಸಳೆಗೂ ನಾಳೆಯಿಂದ ಮೀನು ಅರಸುವ ತಾಪತ್ರಯವಿಲ್ಲ. ಯಳಂದೂರಿನ ಸುವರ್ಣಾವತಿಯಂಥ ಬಡಹೊಳೆಗೆ ಮದ್ದೆಂದರೆ ದುಂದು. ಅಲ್ಲಿ ಬ್ಲೀಚಿಂಗ್ ಪುಡಿಯಲ್ಲೇ ಕೆಲಸ ಮುಗಿದೀತು.

ಇಷ್ಟಿದ್ದೂ ಲೋಕಕ್ಕೆ ಹೆದರಿಕೆ ಶಾರ್ಕ್‌ನದೇ. ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ ಶಾರ್ಕ್ ಕಚ್ಚಿ ಸಾಯುವವರು ಬೆರಳೆಣಿಕೆಯಷ್ಟು. ಮನುಷ್ಯರು ಕೊಲ್ಲುವ ಶಾರ್ಕ್‌ಗಳು ಸುಮಾರು 10 ಕೋಟಿ ಎಂದು 2013ರ ಒಂದು ಅಂದಾಜು. ಆದರೂ 1975ರಲ್ಲಿ ಹಾಲಿವುಡ್‌ನವರು ‘ಜಾಸ್’ ತೆಗೆದದ್ದು ಶಾರ್ಕ್ ಮೇಲೆ. ನಮ್ಮವನ ಮೇಲೆ ಒಂದು ಕಿರುಚಿತ್ರವೂ ಇಲ್ಲ. ಗುಣಗ್ರಾಹಿಯಾಗಿ ಉಳಿದದ್ದು ಕಾನೂನೊಂದೇ. ಕೊಳ್ಳೇಗಾಲ ಇನ್ನೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗಲೇ, 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಹೊಳೆಗೆ ಮದ್ದು ಹಾಕುವವನನ್ನು ಗುರುತಿಸಿ, ಹೆಚ್ಚೆಂದರೆ 2 ತಿಂಗಳ ಸೆರೆ ಅಥವಾ 200 ರೂಪಾಯಿ ದಂಡ ಎಂದು ಗೌರವಧನ ನಿಗದಿಪಡಿಸಿತು.

ಶಾರ್ಕ್ ಇವನಿಗಿಂತ ಮೇಲಾಗಿರುವುದು ಒಂದೇ ವಿಷಯದಲ್ಲಿ, ಅದನ್ನು ಮುಚ್ಚಿಡಬಾರದು. ಅದರ ಬಾಯಲ್ಲಿ ಹಲ್ಲುಗಳು ಸಾಲುಸಾಲಾಗಿ ಸಿದ್ಧವಿರುತ್ತವೆ. ಒಂದು ಬಿದ್ದರೆ ಹಿಂದಿನದು ಮುಂದೆ ಬರುತ್ತದೆ, ಜೀವಮಾನದಲ್ಲಿ ಸಾವಿರಾರು. ಬತ್ತಿ ಸ್ವಲ್ಪ ಗಿಡ್ಡವಾಗಿ ಮದ್ದು ಕೈಯಲ್ಲೇ ಸಿಡಿದರೆ ನಮ್ಮವನಿಗೆ ಬೆರಳು ಮತ್ತೆ ಮೂಡುವುದಿಲ್ಲ. ಹಾಗಿದ್ದೂ ಉಳಿದ ಕೈಯಲ್ಲಿ ಕಸುಬು ಮುಂದುವರಿಸುವವರಿದ್ದಾರೆ.

ಆದ್ದರಿಂದ ಮೂರೂ ತಾಲ್ಲೂಕಿನ ಪರವಾಗಿ ಹೊಳೆದಂಡೆಯಲ್ಲೇ ಒಂದು ಸನ್ಮಾನ ಏರ್ಪಡಿಸುವುದು ಒಳ್ಳೆಯದು. ಶಾಲು, ಹಾರ, ಮೈಸೂರು ಪೇಟ ಆಗಬಹುದು. ಹಣ್ಣಿನ ಬುಟ್ಟಿ ಕೊಡುವ ಮುನ್ನ ಮಾತ್ರ ಸಂಘಟಕರು ಸನ್ಮಾನಿತರ ಕೈಗಳನ್ನೊಮ್ಮೆ ನೋಡಿಕೊಳ್ಳಲಿ.