ಸುಮ್ಮನಿರುವ ಹಕ್ಕು

ಎರಡು ರೂಪಾಯಿ ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೂ ಜಗಳ ಕಾಯುವ ಮಹಾಶಯನಿಗೆ ಪೇದೆಯೊಬ್ಬ ‘ಸಾರ್, ಸ್ವಲ್ಪ ಸ್ಟೇಷನ್ ಕಡೆ ಬಂದು ಹೋಗಿ’ ಎಂದರೆ ಸಾಕು, ಅಂಗಿ ಒದ್ದೆ. ಹೋಗಲಿ, ಹೆದರಿ ಬಾಯಾದರೂ ಮುಚ್ಚುತ್ತಾನಾ? ಅದೂ ಇಲ್ಲ. ಪಕ್ಕದ ಮನೆಯ ಸ್ಕೂಟರ್ ಕಳುವಾದ ರಾತ್ರಿ ಸದ್ದೇನಾದರೂ ಕೇಳಿಸಿತಾ ಅಂತ ಪೊಲೀಸರು ವಿಚಾರಿಸಿದರೆ, ಇವನು ಭಾವಮೈದುನನ ಬಡ್ಡಿ ವ್ಯವಹಾರ, ಇನ್ಶೂರೆನ್ಸ್ ಮುಗಿದ ತನ್ನದೇ ಗಾಡಿ, ಎಲ್ಲವನ್ನೂ ಒಪ್ಪಿಸಿ ಬರುತ್ತಾನೆ.

ಇಂಥ ಬಾಯಿಬಡುಕರಿಗೆ ಸಂವಿಧಾನ ಕೊಟ್ಟಿರುವ ಹಕ್ಕು ಯಾವುದು ನೋಡಿ: ಸುಮ್ಮನಿರುವುದು! 20(3)ನೇ ವಿಧಿಯ ಪ್ರಕಾರ ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳು ಎಂದು ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗಿ ಹೋದವರಿಗೂ ತಮ್ಮ ಮೇಲೆಯೇ ಕೇಸು ಬೀಳಿಸುವಂಥ ಪ್ರಶ್ನೆಗಳಿಗೆ ಉತ್ತರ ಕೊಡದಿರುವ ಅವಕಾಶವಿದೆ. ಮಿಕ್ಕದ್ದಕ್ಕೆ ನಿಜವನ್ನೇ ಹೇಳಬೇಕು. ರೀಲು ಬಿಡುವ ಹಕ್ಕನ್ನು ಯಾವ ವಿಧಿಯೂ ಕೊಟ್ಟಿಲ್ಲ.

ಈ ಮೌನಕ್ಕೆ ಬಲ ಬಂದದ್ದು ಒಬ್ಬ ರಾಜಕಾರಣಿಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಒಡಿಶಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿಯವರನ್ನು 1977ರಲ್ಲಿ ಕಟಕ್‌ನ ಠಾಣೆಗೆ ಕರೆಸಿ, ಉದ್ದನೆಯ ಪ್ರಶ್ನೆಪತ್ರಿಕೆಯನ್ನೇ ಮುಂದಿಟ್ಟರು. ಆಕೆ ಉತ್ತರಿಸಲೊಲ್ಲೆ ಎಂದರು. ಉತ್ತರಿಸದಿದ್ದದ್ದೇ ಅಪರಾಧ ಅಂತ ಇನ್ನೊಂದು ಕೇಸು ಬಿತ್ತು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಈ ಹಕ್ಕು ನ್ಯಾಯಾಲಯದ ಕಟಕಟೆಗೆ ಮಾತ್ರವಲ್ಲ, ಪೊಲೀಸ್ ವಿಚಾರಣೆಗೂ ಅನ್ವಯ ಎಂದರು. ಹೆಂಗಸನ್ನು ಠಾಣೆಗೆ ಕರೆಸಿದ್ದೇ ತಪ್ಪು ಎಂದೂ ತಿವಿದರು. ರಾಜಕಾರಣಿಯೊಬ್ಬರು ಮಾತಾಡದೆ ದೇಶಕ್ಕೆ ಉಪಕಾರ ಮಾಡಿದ ಪ್ರಸಂಗ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ.

ಬಾಯಿ ಬಿಡದವರಿಗೆ ಸೂಜಿ ಚುಚ್ಚಿ ಬಾಯಿ ಬಿಡಿಸುವ ವಿದ್ಯೆಗೆ ನಮ್ಮ ಬೆಂಗಳೂರು ಒಂದು ಕಾಲಕ್ಕೆ ಭಾರೀ ಹೆಸರುವಾಸಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯೂ ಇಲ್ಲ, ಸುಳ್ಳು ಪತ್ತೆ ಯಂತ್ರವೂ ಇಲ್ಲ ಎಂದಾಯಿತು.

2024ರ ಜುಲೈನಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೂ ಬೀಗರ ಉಪಚಾರಕ್ಕೆ ಸಮ. ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಬೇಕು. ಹೆಂಗಸರು, ಅರುವತ್ತು ದಾಟಿದ ಗಂಡಸರು, ಹದಿನೈದು ತುಂಬದ ಹುಡುಗರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನೆಲ್ಲ ಪೊಲೀಸರೇ ಮನೆಗೆ ಬಂದು ಮಾತಾಡಿಸಬೇಕು. ಆದರೆ ನಮ್ಮ ರಾಯರು ಬಿಡಬೇಕಲ್ಲ! ಜೀಪು ಬಾಗಿಲಿಗೆ ಬಂದರೆ ಎದುರು ಮನೆಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವಲ್ಲ ಎಂಬ ಭಯಕ್ಕೆ, ಎಪ್ಪತ್ತರ ಮಂಡಿನೋವಿನಲ್ಲೂ ತಾವೇ ಆಟೊ ಹತ್ತಿ ಠಾಣೆಗೆ ಹೊರಡುತ್ತಾರೆ. ಇಷ್ಟಪಟ್ಟು ಹೋಗುವವರನ್ನು ಕಾನೂನೂ ತಡೆಯುವುದಿಲ್ಲ.

ಇನ್ನು ಸಹಿ. ಎಲ್ಲಿ ತೋರಿಸಿದರೆ ಅಲ್ಲಿ ಗೀಚುವ ಜಾತಿ ನಾವು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂದು ಕಾನೂನಿನಲ್ಲೇ ಇದೆ. ಒಂದು ವೇಳೆ ಬಂಧಿಸಿದರೋ, ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು, ಉದ್ದಕ್ಕೂ ಪಕ್ಕದಲ್ಲೇ ಕೂರಿಸಿಕೊಳ್ಳುವಂತಿಲ್ಲ.

ಇಷ್ಟೆಲ್ಲ ಹಕ್ಕಿದ್ದೂ, ವಿಡಿಯೊ ಕರೆಯಲ್ಲಿ ಬಾಡಿಗೆ ಖಾಕಿ ತೊಟ್ಟವನೊಬ್ಬ ‘ಡಿಜಿಟಲ್ ಅರೆಸ್ಟ್’ ಎಂದೊಡನೆ ಓದಿಕೊಂಡವರೇ ಕದ ಹಾಕಿಕೊಂಡು, ಬಚ್ಚಲಿಗೂ ಅವನ ಅಪ್ಪಣೆ ಕೇಳಿ, ಬ್ಯಾಂಕಿನ ಲೆಕ್ಕವನ್ನೆಲ್ಲ ಪೈಸೆ ಬಿಡದೆ ಒಪ್ಪಿಸುತ್ತಾರೆ. ಅಂಥ ಬಂಧನ ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಕರೆ ಬಂದರೆ ಕಟ್ ಮಾಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಅಲ್ಲಿ ಬೇಕಾದಷ್ಟು ಮಾತಾಡಿ, ಯಾರೂ ಬೇಡ ಅನ್ನುವುದಿಲ್ಲ.