ಎರಡು ಬೊಕ್ಕಸದ ದಿವಾನ

"ಕಾಕಾ, ದರಬಾರದಾಗ ಮೆತ್ತನ್ನ ಮನುಷ್ಯಾ ಉಳೀತಾನೇನ್ರಿ?" ಕಂಪೌಂಡಿನ ಆಚೆಯಿಂದ ಕೇಳಿದಳು ಪಕ್ಕದ ಮನೆ ಅಕ್ಕನ ಮಗಳು. ಕಲಬುರಗಿಯಲ್ಲಿ ಓದುವ ಹುಡುಗಿ, ರಜೆಗೆ ಜಿಡಗಾಕ್ಕೆ ಬಂದಿದ್ದಾಳೆ. ಕೈಯಲ್ಲಿ ಕ್ಯಾಥರೀನ್ ಆಡಿಸನ್ ಬರೆದ 'ದಿ ಗಾಬ್ಲಿನ್ ಎಂಪರರ್', 2014ರ ಕಾದಂಬರಿ. ಅಪ್ಪ, ಅಣ್ಣಂದಿರು ಆಕಾಶನೌಕೆ ಉರಿದು ಸತ್ತಾಗ, ಅರಮನೆಯಿಂದ ದೂರ ಬೆಳೆದ ಮಾಯಾ ಎಂಬ ಹುಡುಗನಿಗೆ ದಿಢೀರನೆ ಪಟ್ಟವಾಗುತ್ತದೆ. ಯಾರ ಮುಂದೆ ಎಷ್ಟು ಬಾಗಬೇಕು, ಯಾವ ಮಾತು ಆಡಬಾರದು, ಒಂದೂ ಗೊತ್ತಿಲ್ಲ. ಆದರೆ ಆ ನೌಕೆಯಲ್ಲಿ ದುಡಿಯುತ್ತಾ ಸತ್ತವರ ಅಂತ್ಯಕ್ರಿಯೆಗೂ ಹೋಗಿ ನಿಲ್ಲುತ್ತಾನೆ. ಆ ಜಾಗ ಬಂದಾಗ ತನಗೆ ಅಳು ಬಂತು ಎಂದಳು ಹುಡುಗಿ.

ಮೊರದಲ್ಲಿ ತೊಗರಿಬ್ಯಾಳಿ ಹಸನು ಮಾಡುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ಕಥ್ಯಾಗ ಉಳೀತಾನವ್ವಾ. ಕಲ್ಯಾಣದಾಗ ಉಳದ್ರೇನು?"

ನಮ್ಮೂರ ಮಠದ ಹೆಸರೇ ನವಕಲ್ಯಾಣ ಮಠ; ಆ ಮಾತು ಇಲ್ಲಿ ಯಾರ ಬಾಯಿಗಾದರೂ ಬರುತ್ತದೆ. ಬಸವಣ್ಣ ಕಲ್ಯಾಣದ ಬಿಜ್ಜಳನ ಭಂಡಾರಿ. ಬೊಕ್ಕಸದ ದುಡ್ಡು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿ ಹೇಳಿದರು, ಎಣಿಸಿ ನೋಡಿದರೆ ಒಂದು ಕಾಸೂ ಕಮ್ಮಿ ಇರಲಿಲ್ಲ ಎಂಬ ಕಥೆಯನ್ನು ಪುರಾಣದಲ್ಲಿ ಕೇಳುತ್ತಲೇ ಬೆಳೆದವರು ನಾವು. ದಾಸೋಹವನ್ನು ಅರಮನೆ ಹೇಗೋ ಸಹಿಸಿತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದನ್ನು ಮಾತ್ರ ಸಹಿಸಲಿಲ್ಲ.

ನನಗೆ ಅದಕ್ಕಿಂತ ಹೆಚ್ಚು ಕಾಡುವವನು ಬೀದರದ ಮಹಮೂದ್ ಗಾವಾನ. ದೂರದ ಗಿಲಾನಿನಿಂದ 1453ರಲ್ಲಿ ವ್ಯಾಪಾರಕ್ಕೆಂದು ಬಂದವನು ಬಹಮನಿ ರಾಜ್ಯದ ದಿವಾನನಾದ. 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ಅರ್ಧ ನಿಂತಿದೆ. ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ.

"ಅಂಥಾವನ ಮ್ಯಾಲ ಯಾರಿಗಿ ಸಿಟ್ಟು ತಮ್ಮಾ?"

ಬಡವರಿಗೆ ಕೊಟ್ಟಿದ್ದಕ್ಕೆ ಯಾರಿಗೂ ಸಿಟ್ಟಿರಲಿಲ್ಲ ಅಕ್ಕಾ. ಹೊಲ ಅಳೆಸಿದ, ಊರೂರಿಗೆ ಗಡಿ ಹಾಕಿಸಿದ, ರಾಜ್ಯದ ನಾಲ್ಕು ತರಫುಗಳನ್ನು, ಅಂದರೆ ಪ್ರಾಂತಗಳನ್ನು, ಒಡೆದು ಎಂಟು ಮಾಡಿದ. ನಮ್ಮ ಕಲಬುರಗಿ ತರಫೂ ಒಡೆದು ಬಿಜಾಪುರ ಬೇರೆಯಾಯಿತು. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ, ಉಳಿದವು ಸುಲ್ತಾನನವು ಎಂದ. ದಾನ ಮಾಡುವವನನ್ನು ದರಬಾರು ಹೊಗಳುತ್ತದೆ. ಲೆಕ್ಕ ಕೇಳುವವನನ್ನು ಬಿಡುವುದಿಲ್ಲ. ಬಡವನಿಗೆ ಗಟ್ಟಿಯಾಗಿ ಉಳಿಯುವ ದಯೆ ಆ ಅಳತೆ, ಆ ಲೆಕ್ಕವೇ ಎಂದು ನಾನು ನಂಬಿದ್ದೇನೆ.

ಅವನನ್ನು ಮುಗಿಸಿದ್ದು ಒಂದು ಹಾಳೆ. ದರಬಾರಿನ ವಿರೋಧಿಗಳು ಅವನ ಮುದ್ರೆ ಕಾಯುವ ಸೇವಕನಿಗೆ ಉಡುಗೊರೆ ಕೊಟ್ಟು, ಕುಡಿಸಿ, ಯಾರದೋ ಲೆಕ್ಕಪತ್ರ ಎಂದು ಮಡಿಸಿದ ಖಾಲಿ ಕಾಗದ ಮುಂದಿಟ್ಟರು. ಅವನು ಬಿಚ್ಚಿ ನೋಡದೆ ಗಾವಾನನ ಮುದ್ರೆ ಒತ್ತಿಬಿಟ್ಟ. ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದರು. ದ್ರೋಹಿಗೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಕತ್ತಿ ಎಂದ ಗಾವಾನ. ಆಮೇಲೆ ಪತ್ರ ತೋರಿಸಿದರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ. ಸುಲ್ತಾನ ಮೂರನೇ ಮುಹಮ್ಮದ್ ಕುಡಿದಿದ್ದ. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಮುದುಕನ ತಲೆ ತೆಗೆಸಿದ.

ಆಮೇಲೆ ಲೆಕ್ಕ! ಇಷ್ಟು ವರ್ಷ ದಿವಾನನಾಗಿದ್ದವನು ಗಂಟು ಎಷ್ಟು ಕಟ್ಟಿರಬೇಕು ಎಂದು ಖಜಾಂಚಿಯನ್ನು ಕರೆಸಿದರು. ಎರಡು ಬೊಕ್ಕಸ ಇವೆ ಎಂದ ಅವನು. ಒಂದು ಸುಲ್ತಾನನದು, ಜಹಗೀರಿಯ ಉತ್ಪನ್ನವೆಲ್ಲ ಅದರಲ್ಲಿ ಬಂದು ದಂಡಿಗೆ, ಕುದುರೆಗೆ, ಆನೆಗೆ ಹೋಗುತ್ತಿತ್ತು. ಇನ್ನೊಂದು ಬಡವರದು. ದಿವಾನನ ಊಟ ನಡೆಯುತ್ತಿದ್ದದ್ದು ಊರಿನಿಂದ ತಂದ ಬಂಡವಾಳದ ವ್ಯಾಪಾರದಿಂದ. ಎರಡರಲ್ಲೂ ಉಳಿದಿದ್ದು ಅಷ್ಟಕ್ಕಷ್ಟೆ. ಸುಲ್ತಾನ ಹಲುಬಿದನಂತೆ, ವರ್ಷ ತುಂಬುವುದರೊಳಗೆ ತಾನೂ ಸತ್ತ.

ಅಕ್ಕನ ಕೈ ಮೊರದಲ್ಲಿ ನಿಂತಿತ್ತು. "ಹಲುಬಿದ್ರ ಹೋದ ಜೀವ ಬರ್ತದೇನು?"

"ಗಾವಾನನ ಪದವಿ ಯಾರಿಗಿ ಸಿಕ್ತು ಕಾಕಾ?"

ಪಿತೂರಿಯ ಮುಂದಾಳು ಮಲಿಕ್ ಹಸನ್‌ಗೇ. ಅವನನ್ನೂ 1486ರಲ್ಲಿ ಬೀದರದಲ್ಲೇ ಕೊಂದರು. 1490ರ ಹೊತ್ತಿಗೆ ಅವನ ಮಗ ಜುನ್ನರ್‌ನಲ್ಲಿ ತನ್ನದೇ ರಾಜ್ಯ ಕಟ್ಟಿದ, ಗಾವಾನನ ನೆರಳಲ್ಲಿ ಬೆಳೆದ ಯೂಸುಫ್ ಆದಿಲ್ ಬಿಜಾಪುರ ಹಿಡಿದ. ಒಬ್ಬನಿಗೆ ಒಂದೇ ಕೋಟೆ ಎಂಬ ಕಟ್ಟಳೆ ಕೇಳುವವರು ಆಮೇಲೆ ಯಾರೂ ಇರಲಿಲ್ಲ.